ಮೊದಲು ಬಿತ್ತಿದ ಹೊಲ

ಯಾವಾಗ ಬಿತ್ತಬೇಕೆಂದು ಹೇಳುವ ಆ್ಯಪ್ ಮಾಡುತ್ತೇವೆ, ರೈತರೇ ಸಲಹೆ ಕೊಡಿ ಎಂದು ಕೃಷಿ ಇಲಾಖೆಯ ಸಾಹೇಬರು ಮೂರು ಸಲ ಸಭೆ ಕರೆದರು. ಮೂರು ಸಲವೂ ನಾನು ಎದ್ದು ನಿಂತು ಅದೇ ಮಾತು ಹೇಳಿದೆ. ಮೂರನೆಯ ಸಲ ದನಿ ಏರಿತ್ತು.

"ಬಾಜೂ ಹೊಲದವ್ರು ಬಿತ್ಯಾರೇನು ಅಂತನೂ ನಿಮ್ಮ ಆ್ಯಪ್ ಕೇಳಬೇಕ್ರೀ ಸಾಹೇಬ್ರ. ಜ್ವಾಳ ಎಲ್ಲಾರೂ ಕೂಡೇ ಬಿತ್ತಬೇಕು. ಒಬ್ರದಷ್ಟ ಮೊದಲ ತೆನಿ ಕಟ್ಟಿದ್ರ, ಊರ ಹಕ್ಕಿಯೆಲ್ಲಾ ಅಲ್ಲೇ ಇಳೀತಾವು."

"ಅದು ಮಣ್ಣಿನ ತೇವ ನೋಡಿ ಹೇಳುತ್ತೆ ಅಜ್ಜಿ. ಹಕ್ಕಿ ವಿಷಯ ಆಮೇಲೆ ನೋಡೋಣ," ಎಂದು ನಕ್ಕು, ಹಾಜರಿಗೆ ಹೆಬ್ಬೆಟ್ಟು ಒತ್ತಲು ಶಾಯಿ ಮುಂದಿಟ್ಟರು. ನಾನು ಪೆನ್ನು ಕೇಳಿ ಸಹಿ ಮಾಡಿದೆ.

ಆ್ಯಪ್ ಬಂತು. ಅದು ಹೇಳಿದ ದಿನವೇ ಸಾಹೇಬರು ನಮ್ಮ ಹೊಲಗಳ ನಡುವಿನ ಪ್ರಯೋಗದ ಹೊಲದಲ್ಲಿ ಜೋಳ ಬಿತ್ತಿಸಿದರು. ನಾವು ಹತ್ತು ದಿನ ತಡೆದು, ಎಲ್ಲರೂ ಕೂಡಿಯೇ ಬಿತ್ತಿದೆವು.

ಸುಗ್ಗಿಯ ಹೊತ್ತಿಗೆ ಬಂದ ಸಾಹೇಬರು ಕಾಳಿಲ್ಲದ ತೆನೆ ಹಿಡಿದು ನಿಂತರು.

"ನೀವು ಹೇಳಿದ್ದೇ ನಿಜ ಆಯ್ತು ಅಜ್ಜಿ. ಮುಂದಿನ ವರ್ಷ ನಿಮ್ಮ ಪ್ರಶ್ನೆ ಸೇರಿಸ್ತೀವಿ."

ತುಂಬಿ ಬಾಗಿದ ನಮ್ಮ ತೆನೆಗಳ ಕಡೆಗೊಮ್ಮೆ ನೋಡಿದೆ.

"ಬ್ಯಾಡ್ರೀ ಸಾಹೇಬ್ರ, ಅದು ಹಾಂಗೇ ಇರ್ಲಿ. ಮುಂದಿನ ವರ್ಷನೂ ನೀವ ಮೊದಲ ಬಿತ್ರಿ."