ಗಂಟೆ ಹೊಡೆಯದ ಮಧ್ಯಾಹ್ನ

ಶ್ರಾವಣ ಹುಟ್ಟಿ ಎಂಟು ದಿನವಾಗಿತ್ತು. ಕೆರೆ ನೀರು ಬಿಡಲು ಒಪ್ಪಿಗೆ ಬಂದೇ ಬರುತ್ತದೆಂದು ಹೆಂಗಸರು ಬೆಳಿಗ್ಗೆಯೇ ಭತ್ತದ ಸಸಿ ಕಿತ್ತು ಕಟ್ಟು ಕಟ್ಟಿದ್ದರು. ಕೆರೆಯ ತೂಬು ಎತ್ತಬೇಕಾದರೆ ಜೋಡಿ ಊರಿನ ಶಾಲೆಯ ಮಕ್ಕಳು ಕೇಳಿ, ಒಪ್ಪಿ ಕೈ ಎತ್ತಬೇಕು. ಲೋಕದ ಪ್ರತಿ ಊರಿಗೂ ದೂರದ ಒಂದು ಜೋಡಿ ಊರು; ಒಂದರ ದೊಡ್ಡ ಕೆಲಸಕ್ಕೆ ಇನ್ನೊಂದರ ಮಕ್ಕಳ ಒಪ್ಪಿಗೆ ಬೇಕೆಂಬುದು ಕಟ್ಟಳೆ. ಈ ಊರಿಗೆ ಜೋಡಿ ಕೆನ್ಯಾದ ಒಂದು ಮೀನುಗಾರರ ಹಳ್ಳಿ.

ಬಿಸಿಯೂಟದ ಪುಟ್ಟನಂಜಮ್ಮ ಸಾರನ್ನು ಒಲೆಯ ಮೇಲೆ ಬಿಟ್ಟು ಶಾಲೆಯ ಬಾಗಿಲಲ್ಲಿ ನಿಂತಿದ್ದಳು. ಕಿತ್ತ ಸಸಿಯಲ್ಲಿ ಅವಳ ಹತ್ತು ಗುಂಟೆ ಗದ್ದೆಯದೂ ಇತ್ತು.

ತರಗತಿಯ ಪರದೆಯಲ್ಲಿ ಆ ಹಳ್ಳಿಯ ಅಟಿಯೆನೊ ಎಂಬ ಹುಡುಗಿ ಎದ್ದಳು. ಯಂತ್ರ ಅವಳ ಮಾತನ್ನು ಕನ್ನಡದಲ್ಲಿ ನುಡಿಯಿತು: "ಹೋದ ವರ್ಷ ಬಲೆ ಬೀಸಲು ನಿಮ್ಮ ಒಪ್ಪಿಗೆ ಕೇಳುತ್ತಾ ನಮ್ಮ ಬಲೆಯ ವಿಷಯ ಹೇಳುತ್ತಿದ್ದೆ. ನಿಮ್ಮ ಗಂಟೆ ಹೊಡೆಯಿತು. ನೀವು ಪೂರ್ತಿ ಕೇಳದೆ 'ಬೇಡ' ಅಂದು ಊಟಕ್ಕೆ ಓಡಿದಿರಿ. ಒಂದು ಹಂಗಾಮು ನಾವು ಬಲೆ ಬೀಸಲಿಲ್ಲ."

ಮಕ್ಕಳು ತಲೆ ತಗ್ಗಿಸಿದರು. ಸಾರು ಆರೀತೆಂದು ಅವತ್ತು ಹತ್ತು ನಿಮಿಷ ಮುಂಚೆಯೇ ಗಂಟೆ ಹೊಡೆದವಳು ಪುಟ್ಟನಂಜಮ್ಮನೇ.

"ಪುಟ್ಟನಂಜಮ್ಮ, ಒಂದೂವರೆ ಆಯ್ತು, ಗಂಟೆ ಹೊಡಿ," ಎಂದರು ಮೇಷ್ಟ್ರು, ತಪ್ಪಿಸಿಕೊಳ್ಳಲು ದಾರಿ ಸಿಕ್ಕವರಂತೆ.

"ಸಾರ್ ಕೆಟ್ರೆ ಇನ್ನೊಂದ್ಸಲ ಮಾಡ್ಬೋದು, ಸುಮ್ಕಿರಿ ಮೇಷ್ಟ್ರೇ." ಗಂಟೆಯ ಸುತ್ತಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ಮಕ್ಕಳ ನಡುವೆ ಕೂತಳು. "ಹೇಳವ್ವ, ಮೊದ್ಲಿಂದ ಹೇಳು. ನಮ್ ತೂಬಿನ ಮಾತು ಆಮ್ಯಾಕೆ."

ಅಟಿಯೆನೊ ಒಂದು ಗಂಟೆ ಕಾಲ ಹೇಳಿದಳು. ಅವಳು ಮುಗಿಸಿದಾಗ ಇಲ್ಲಿನ ಇಪ್ಪತ್ತೆರಡು ಮಕ್ಕಳ ಕೈಗಳೂ ಬಲೆಗೆ ಒಪ್ಪಿ ಮೇಲೆದ್ದವು. ತೂಬಿಗೆಂದು ಏಳಬೇಕಾದ ಅಲ್ಲಿನ ಮಕ್ಕಳ ಕೈಗಳು ಇನ್ನೂ ಮಡಿಲಲ್ಲೇ ಇದ್ದವು.

ಸಾರು ತಳ ಹಿಡಿದ ವಾಸನೆ ಬಂತು. ಯಾರೂ ಏಳಲಿಲ್ಲ.

"ಈಗ ನೀವು ಹೇಳಿ ಅಮ್ಮ," ಎಂದಳು ಅಟಿಯೆನೊ. "ನಾವು ಪೂರ್ತಿ ಕೇಳುತ್ತೇವೆ."