ದೊರೆ ಕಪಾಟಿನ ಮೇಲಿನ ಖಾನೆ

ಮೇಲಿನ ಖಾನೆಯ ಬೀಗದ ಕೈ ರಾಜೀವಿಗೆ ಸಿಕ್ಕಿದ್ದು ಅತ್ತೆಯ ಉತ್ತರಕ್ರಿಯೆ ಮುಗಿದ ಮಾರನೆಯ ಬೆಳಿಗ್ಗೆ. ಗಂಡ ತಿರುಮಲೇಶ್ವರ ಅದನ್ನು ಅಮ್ಮನ ದಿಂಬಿನ ಅಡಿಯಿಂದ ತೆಗೆದು, "ಇನ್ನು ಇದು ನಿಂದು" ಎಂದು ಅವಳ ಕೈಗಿತ್ತು, ಕಣ್ಣೊರೆಸಿಕೊಳ್ಳಲು ಹೊರಗೆ ಹೋದ. ರಾಜೀವಿಗೂ ಅಳು ಬಂತು. ಆದರೆ ಸುಳ್ಳು ಯಾಕೆ ಹೇಳಬೇಕು, ಅಳುವಿನ ಹಿಂದೆಯೇ ಸಣ್ಣದೊಂದು ಖುಷಿಯೂ ಬಂತು.

ಕಲ್ಲುಗುಂಡಿಯ ಆ ಮನೆಯಲ್ಲಿ ಮೂರು ಖಾನೆಗಳ ಬೀಟೆ ಮರದ ಆ ಕಪಾಟಿಗೆ ದೊರೆ ಕಪಾಟು ಎಂದೇ ಹೆಸರು. ಘಾಟಿಯ ಮೇಲಿನ ಕಾಫಿ ತೋಟದ ಬಿಳಿ ದೊರೆ ತನ್ನ ದೇಶಕ್ಕೆ ಹೊರಟಾಗ ತಿರುಮಲೇಶ್ವರನ ಅಜ್ಜ ಅದನ್ನು ಕೊಂಡು ಎತ್ತಿನ ಗಾಡಿಯಲ್ಲಿ ಇಳಿಸಿ ತಂದರಂತೆ. ದೊರೆ ಅದರಲ್ಲಿ ಏನಿಡುತ್ತಿದ್ದನೋ ಯಾರಿಗೂ ಗೊತ್ತಿಲ್ಲ. ಇಲ್ಲಿಗೆ ಬಂದ ಮೇಲೆ ಅದು ಸೊಸೆಯಂದಿರ ಪಾಲಾಯಿತು. ಹೊಸದಾಗಿ ಮದುವೆಯಾಗಿ ಬಂದವಳಿಗೆ ಕೆಳಗಿನ ಖಾನೆ, ಸೊಂಟ ಗಟ್ಟಿ ಇರುವವಳು ಬಗ್ಗಲಿ ಎಂದು. ಮನೆಯ ಹಿರಿಯಳಿಗೆ ನಿಂತಲ್ಲೇ ಕೈಗೆಟುಕುವ ಮೇಲಿನದು, ಅದಕ್ಕೆ ಮಾತ್ರ ಬೀಗ. ಮೇಲಿನವಳು ತೀರಿಕೊಂಡರೆ ಉಳಿದವರು ಒಂದೊಂದು ಖಾನೆ ಮೇಲಕ್ಕೆ. ಸರ್ಕಾರಿ ಕೆಲಸದಲ್ಲಾದರೆ ಮೇಲಿನವರು ರಿಟೈರ್ ಆದರೆ ಸಾಕು, ಪ್ರಮೋಷನ್ ಸಿಗುತ್ತದೆ. ದೊರೆ ಕಪಾಟಿನಲ್ಲಿ ಅಷ್ಟು ಸುಲಭವಿರಲಿಲ್ಲ.

ಮದುವೆಯಾದ ಹೊಸತರಲ್ಲಿ ರಾಜೀವಿ ಅದರೆದುರು ನೆಲದ ಮೇಲೆ ಕೂತು, ತವರಿನಿಂದ ತಂದ ಸೀರೆಗಳನ್ನು ಮತ್ತೆ ಮತ್ತೆ ಮಡಚುತ್ತಿದ್ದಳು. ತವರಿನ ನೆನಪಾದಾಗ ಮಾಡಲು ಬೇರೆ ಕೆಲಸವಾದರೂ ಏನಿತ್ತು? ಆ ಹೊತ್ತಿಗೆ ಅತ್ತೆಯ ಅತ್ತೆ ಬಂದು ಮೇಲಿನ ಖಾನೆ ಎಳೆದರೆ ಲಾವಂಚದ ಪರಿಮಳ ಕೆಳಗಿಳಿದು ಬರುತ್ತಿತ್ತು. ಆ ಅಜ್ಜಿ ಹೋದ ಮೇಲೆ ರಾಜೀವಿ ನಡುವಿನ ಖಾನೆಗೆ ಏರಿದಳು. ಮೇಲೆ ಅತ್ತೆ ಬಂದರು, ಲಾವಂಚ ಮಾತ್ರ ಅದೇ. ಒಂದು ದಿನ ಆ ಪರಿಮಳ ತನ್ನದಾಗುತ್ತದೆ ಎಂದು ಅವಳು ಕಾದದ್ದು ನಿಜ.

ಸೊಸೆ ಗಾನಶ್ರೀ ಕೆಳಗಿನ ಖಾನೆಯಿಂದ ತನ್ನ ಬಟ್ಟೆಗಳನ್ನು ತೆಗೆದು ಮಂಚದ ಮೇಲೆ ಪೇರಿಸುತ್ತಿದ್ದಳು.

"ಅತ್ತೆ, ನಾನು ನಡುವಿನದಕ್ಕೆ ಬಂದ್ರೆ ಕೆಳಗಿನದು ಖಾಲಿ ಆಯ್ತಲ್ಲ. ದೊಡ್ಡತ್ತೆಗೆ ಕೊಡುವಾ?"

"ಮನೆ ಮಗಳಿಗೆ ಖಾನೆ ಕೊಡುವ ಕ್ರಮ ಇಲ್ಲ ಮಾರಾಯ್ತಿ."

ದೊಡ್ಡತ್ತೆ ಎಂದರೆ ಪೂವಕ್ಕ, ತಿರುಮಲೇಶ್ವರನ ಅಕ್ಕ. ಕಡಬದ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಮನೆಗೆ ತಂದಾಗ ಒಂದು ತಗಡಿನ ಟ್ರಂಕು ಹಿಡಿದು ತವರಿಗೆ ಬಂದಳು. ಟ್ರಂಕು ಮಂಚದ ಅಡಿ ಸೇರಿತು. ಅಜ್ಜಿ ಹೋಗಿ ಕೆಳಗಿನ ಖಾನೆ ಖಾಲಿಯಾದಾಗ ರಾಜೀವಿಯೇ ಅತ್ತೆಯನ್ನು ಕೇಳಿದ್ದಳು, ಇದನ್ನು ಅತ್ತಿಗೆಗೆ ಕೊಡಬಾರದೇ ಎಂದು. ಅತ್ತೆಗೆ ಸಿಟ್ಟೇ ಬಂದಿತ್ತು. "ಅವಳು ನಾಲ್ಕು ದಿನ ಇದ್ದು ಹೋಗ್ಲಿಕ್ಕೆ ಬಂದದ್ದು. ಖಾನೆ ಕೊಟ್ರೆ ಇಲ್ಲೇ ನಿಂತ ಹಾಗೆ ಆಗುದಿಲ್ವಾ? ಅವ ಇವತ್ತಲ್ಲ ನಾಳೆ ಕರೀಲಿಕ್ಕೆ ಬರ್ತಾನೆ." ಗಾನಶ್ರೀ ಸೊಸೆಯಾಗಿ ಬರುವವರೆಗೂ ಆ ಖಾನೆ ಖಾಲಿ ಬಿದ್ದಿತ್ತು. ಆ ನಾಲ್ಕು ದಿನ ಮುಗಿಯುವ ಮೊದಲೇ ಪೂವಕ್ಕನ ತಲೆ ಪೂರ್ತಿ ನರೆಯಿತು.

"ಕ್ರಮ ಇರ್ಲಿ ಅತ್ತೆ," ಗಾನಶ್ರೀ ಬಿಡಲಿಲ್ಲ, "ಆದ್ರೆ ಕೆಳಗಿನದು ಕೊಟ್ರೂ ಪ್ರಯೋಜನ ಇಲ್ಲ. ಅವರ ಗಂಟು ನೋವಿಗೆ ಬಗ್ಗುದು ಹೇಗೆ?"

ರಾಜೀವಿ ಬೀಗದ ಕೈಯನ್ನು ಬಿಗಿಯಾಗಿ ಹಿಡಿದಳು. ಹುಡುಗಿ ಎತ್ತ ಹೊರಟಿದ್ದಾಳೆಂದು ಅವಳಿಗೆ ಅರ್ಥವಾಯಿತು. ಹೊಟ್ಟೆಯೂ ಸ್ವಲ್ಪ ಉರಿಯಿತು. ನಿನ್ನೆ ಮೊನ್ನೆ ಬಂದವಳಿಗೆ ಬಾಯಲ್ಲಿ ದಾನ ಮಾಡಲು ಎಂಥ ಕಷ್ಟ! ಅಷ್ಟರಲ್ಲಿ ಪೂವಕ್ಕ ಸ್ನಾನಕ್ಕೆ ಹೊರಟವಳು ಒಳಗೆ ಬಂದಳು. ಮಂಚದ ಕಾಲು ಹಿಡಿದು ಮೆಲ್ಲ ನೆಲಕ್ಕೆ ಕೂತು, ಟ್ರಂಕನ್ನು ಎಳೆದು ಒಂದು ಸೀರೆ ತೆಗೆದಳು. ಮತ್ತೆ ಅದೇ ಮಂಚದ ಕಾಲು ಹಿಡಿದು, "ಅಮ್ಮಾ" ಎನ್ನುತ್ತ ಎದ್ದಳು. ಇಷ್ಟು ವರ್ಷ ದಿನಾ ಕಣ್ಣೆದುರೇ ನಡೆಯುತ್ತಿದ್ದದ್ದು, ಅಂದು ರಾಜೀವಿಗೆ ನೋಡಲಾಗಲಿಲ್ಲ.

"ಅತ್ತಿಗೆ, ಇನ್ನು ನಿಮ್ಮ ಬಟ್ಟೆ ಈ ಮೇಲಿನದ್ರಲ್ಲಿ ಇಡಿ."

"ಎಂತ ಮಾತು ರಾಜೀವಿ! ಅದು ನಿಂದು. ನೀನು ಎಷ್ಟು ಕಾದಿದ್ದಿ ಅಂತ ನಂಗೆ ಗೊತ್ತುಂಟು."

"ಮನೆಗೆ ಹಿರಿಯರು ನೀವಲ್ವಾ. ನಂಗೆ ನಡುವಿನದೇ ರೂಢಿ ಆಗಿದೆ." ರಾಜೀವಿ ಖಾನೆಯ ಬೀಗ ತೆರೆದು, ಬೇಗ ಬೇಗ ಟ್ರಂಕಿನ ಬಟ್ಟೆಗಳನ್ನು ತೆಗೆದುಕೊಡತೊಡಗಿದಳು.

ಎಲ್ಲ ಇಟ್ಟ ಮೇಲೂ ಖಾನೆ ಅರ್ಧವೂ ತುಂಬಲಿಲ್ಲ. ಪೂವಕ್ಕ ನಿಂತಲ್ಲಿಂದಲೇ ಅದನ್ನು ಒಮ್ಮೆ ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು. ಅವಳ ಮುಖದಲ್ಲಿ ನಗುವೂ ಇತ್ತು, ಕಣ್ಣೀರೂ ಇತ್ತು.

"ಅಮ್ಮ ಹೋದ ಮೇಲೆ ಕೊಟ್ಟದ್ದು ಒಳ್ಳೇದಾಯ್ತು ರಾಜೀವಿ," ಎಂದಳು. "ನಾನು ಇಲ್ಲೇ ನಿಂತೆ ಅಂತ ಅವರಿಗೆ ಗೊತ್ತಾಗ್ಲೇ ಇಲ್ಲ."