ತಂಗಿ ಕಳಿಸಿದ ಟಿಕೆಟ್

“ದುಡ್ಡು ವಾಪಸ್ ಬೇಕಾ, ನಾಡಿದ್ದಿನ ವಿಮಾನ ಬೇಕಾ? ಎರಡರಲ್ಲಿ ಒಂದು ಹೇಳಿ ಅಮ್ಮಾ,” ಎಂದಳು ಕತಾನಿಯಾ ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ. ಹತ್ತಿರದ ಎಟ್ನಾ ಎಂಬ ಜ್ವಾಲಾಮುಖಿ ಬೆಟ್ಟ ಬೆಳಗಿನಿಂದ ಬೂದಿ ಉಗುಳುತ್ತಿತ್ತು. ಒಂದು ವಿಮಾನವೂ ಮೇಲೆದ್ದಿರಲಿಲ್ಲ. ಅಗಾತೀನಾ ಟಿಕೆಟ್ಟಿನ ‘ಹಣ ಮರಳಿಸಲಾಗದು’ ಎಂಬ ಸಾಲಿನ ಮೇಲೆ ಬೆರಳಿಟ್ಟಳು. “ಕೊಡಲ್ಲ ಅಂತ ಬರೆದಿದೆಯಲ್ಲ ಮಗಳೇ?”

“ನೀವಾಗಿ ಬಿಟ್ರೆ ಕೊಡಲ್ಲ. ವಿಮಾನ ನಾವೇ ರದ್ದು ಮಾಡಿದ್ರೆ ಪೂರ್ತಿ ಕೊಡ್ತೀವಿ.”

“ಬೇಗ ಹೇಳಜ್ಜಿ, ಬೆಟ್ಟ ಮನಸ್ಸು ಬದಲಾಯಿಸಿಬಿಟ್ಟೀತು!” ಎಂದು ಹಿಂದೆ ನಿಂತವನೊಬ್ಬ ರೇಗಿಸಿದ.

ಟಿಕೆಟ್ ಕಳಿಸಿದ್ದು ದೂರದ ಟುರಿನ್ ನಗರದಲ್ಲಿರುವ ತಂಗಿ ನುನ್ಸಿಯಾತಾ. ಅಪ್ಪನ ಮೀನಂಗಡಿ ಮಾರಿದಾಗ ‘ನನ್ನ ಪಾಲೂ ನೀನೇ ನುಂಗಿದೆ’ ಎಂದು ಹನ್ನೊಂದು ವರ್ಷ ಮಾತು ಬಿಟ್ಟಿದ್ದವಳು ಈಗ ತಾನಾಗಿ ಕರೆದಿದ್ದಳು. ಈ ಸಲ ಅವಳ ಒಂದು ಕಾಸೂ ತನ್ನಿಂದ ಹಾಳಾಗಬಾರದು. ಅವಳ ದುಡ್ಡು ಅವಳಿಗೇ ಮರಳಿಸಿ, ತಾನು ಸ್ವಂತ ಖರ್ಚಿನಲ್ಲಿ ರೈಲು ಹತ್ತಿ ಹೋದರಾಯಿತು. “ದುಡ್ಡೇ ಕೊಡಮ್ಮ,” ಎಂದಳು ಅಗಾತೀನಾ, ಏನೋ ಗೆದ್ದವಳ ಹಾಗೆ.

ಹುಡುಗಿ ಗುಂಡಿ ಒತ್ತಿದಳು. “ಆಯ್ತು. ಟಿಕೆಟ್ ಕೊಂಡವರ ಖಾತೆಗೇ ಹೋಗುತ್ತೆ. ಅವರಿಗೆ ಸಂದೇಶಾನೂ ಹೋಯ್ತು.”

“ಏನಂತ?”

“‘ಪ್ರಯಾಣಿಕರು ಬೇರೆ ವಿಮಾನ ಬೇಡವೆಂದು ಹಣ ಹಿಂಪಡೆದಿದ್ದಾರೆ’ ಅಂತ. ಎಲ್ಲರಿಗೂ ಅದನ್ನೇ ಕಳಿಸೋದು.”

ಅಗಾತೀನಾ ಚೀಲದಲ್ಲಿ ಫೋನಿಗಾಗಿ ತಡಕಾಡುತ್ತಿರುವಾಗಲೇ ಅದು ಸದ್ದು ಮಾಡಿತು. ತಂಗಿ ಬರೆದಿದ್ದಳು: “ಬರೋಕೆ ಇಷ್ಟ ಇಲ್ಲ ಅಂತ ನಂಗೇ ಹೇಳಬಹುದಿತ್ತಲ್ಲ, ಅಕ್ಕಾ.” ಅಗಾತೀನಾ ಅಲ್ಲಿಯೇ ನಿಂತು ಕರೆ ಮಾಡಿದಳು. ಒಂದು ಸಲ ರಿಂಗಾಯಿತು. ಆಮೇಲೆ ನುನ್ಸಿಯಾತಾ ಕಟ್ ಮಾಡಿದಳು.